ಆಟದಂಗಳ: ನಿನ್ನೆ ಬಿದ್ದ ಮಳೆಯ ಲೆಕ್ಕ

ಮಧ್ಯಯುಗದ ಯುದ್ಧತಂತ್ರದ ಕಂಪ್ಯೂಟರ್ ಆಟಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಈ ಬಾರಿ ಬಂದ ಪತ್ರಗಳೆಲ್ಲ ಮಳೆ, ಚಳಿ, ಬಿಸಿಲಿನ ಸುತ್ತಲೇ ಇವೆ. ಉತ್ತರಿಸುತ್ತಿರುವವನು ನೌಕರಿಯುದ್ದಕ್ಕೂ ಹವಾಮಾನ ವೀಕ್ಷಣಾಲಯದಲ್ಲಿ ಮಳೆ ಅಳೆದವನು. ಮಾತು ಕೊಂಚ ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ‘ಮಿಡೀವಲ್ 2: ಟೋಟಲ್ ವಾರ್’ ಆಟದಲ್ಲಿ ನಾನು ಫ್ರಾನ್ಸ್. ಮಳೆ ಬರುತ್ತಿರುವಾಗಲೇ ಇಂಗ್ಲಿಷ್ ಬಿಲ್ಲುಗಾರರ ಮೇಲೆ ಬೀಳುತ್ತೇನೆ. ಬಿಲ್ಲಿನ ಹೆದೆ ನೆನೆದರೆ ಬಾಣ ಹಾರುವುದಿಲ್ಲ ಎಂಬುದು ನನ್ನ ಲೆಕ್ಕ. ಆದರೂ ನನ್ನ ನೈಟ್‌ಗಳೇ ಸಾಯುತ್ತಾರೆ. ಏಕೆ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ನಿನ್ನ ಲೆಕ್ಕ ಅರ್ಧ ಸರಿ. ಮಳೆಯಲ್ಲಿ ಬಾಣದ ಪೆಟ್ಟು ಮಂಕಾಗುತ್ತದೆ, ಮದ್ದಿನ ಕೋವಿಯದು ಇನ್ನೂ ಮಂಕಾಗುತ್ತದೆ. ಆದರೆ ಬಿಲ್ಲುಗಾರ ಕೈಕಟ್ಟಿ ಕೂರುವುದಿಲ್ಲ. ಅದಿರಲಿ, ಕದನಕ್ಕೆ ಮುನ್ನ ಅವರು ತಮ್ಮ ಮುಂದೆ ಚೂಪುಗೂಟಗಳನ್ನು ನೆಟ್ಟಿದ್ದರೇ ಎಂದು ನೋಡಿದ್ದೀಯಾ? ಈ ಆಟದಲ್ಲಿ ಲಾಂಗ್‌ಬೋ (ಉದ್ದಬಿಲ್ಲು) ಪಡೆಗೆ ಆ ಸೌಲಭ್ಯ ಇದೆ. ಗೂಟದ ಸಾಲಿಗೆ ನೇರವಾಗಿ ನುಗ್ಗಿದ ಕುದುರೆ ಅಲ್ಲೇ ಬೀಳುತ್ತದೆ. ನಿನ್ನ ನೈಟ್‌ಗಳನ್ನು ಕೊಲ್ಲುತ್ತಿರುವುದು ಬಹುಮಟ್ಟಿಗೆ ಬಾಣವಲ್ಲ, ಮರದ ತುಂಡು. ಬಳಸಿಕೊಂಡು ಪಕ್ಕದಿಂದ ಹೋಗು.

ಹೆದೆಯ ಮಾತಿಗೆ ಬಂದರೆ, 1346ರ ಆಗಸ್ಟ್ 26ರಂದು ಫ್ರಾನ್ಸಿನ ಕ್ರೆಸಿಯಲ್ಲಿ ಇಂಗ್ಲಿಷರೊಂದಿಗಿನ ಕದನಕ್ಕೆ ಮುನ್ನ ಗುಡುಗಿನೊಂದಿಗೆ ಒಂದು ಮಳೆ ಹೊಡೆದುಹೋಯಿತು. ಫ್ರೆಂಚರ ಪರವಾಗಿ ಕೂಲಿಗೆ ಬಂದಿದ್ದ ಇಟಲಿಯ ಜಿನೋವಾದ ಕ್ರಾಸ್‌ಬೋ (ಅಡ್ಡಬಿಲ್ಲು) ಪಡೆಯ ಹೆದೆಗಳು ನೆನೆದು ಕೈಕೊಟ್ಟವೆಂದೂ, ಇಂಗ್ಲಿಷರು ತಮ್ಮ ಹೆದೆಗಳನ್ನು ಬಿಚ್ಚಿ ಶಿರಸ್ತ್ರಾಣದ ಕೆಳಗೆ ಇಟ್ಟುಕೊಂಡರೆಂದೂ ಆ ಕಾಲದ ಫ್ರೆಂಚ್ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ. ಲಾಂಗ್‌ಬೋವನ್ನು ಕೊಂಚ ಬಗ್ಗಿಸಿದರೆ ಹೆದೆ ಕೈಗೆ ಬರುತ್ತದೆ. ಕ್ರಾಸ್‌ಬೋದ ಹೆದೆ ಬಿಚ್ಚಲು ಸಲಕರಣೆ ಬೇಕು. ಹಾಗೆಂದು ಫ್ರೆಂಚರ ಸೋಲನ್ನೆಲ್ಲ ಮಳೆಯ ತಲೆಗೆ ಕಟ್ಟುವಂತಿಲ್ಲ. ಜಿನೋವಾದವರು ಮರೆಗೆ ಹಿಡಿಯಬೇಕಾಗಿದ್ದ ದೊಡ್ಡ ಗುರಾಣಿಗಳು ಆಗಿನ್ನೂ ಹಿಂದಿನ ಗಾಡಿಗಳಲ್ಲೇ ಇದ್ದವು.

ಇನ್ನು ಎಲ್ಲರೂ ಹೇಳುವ ಅಜಿನ್‌ಕೋರ್ಟ್. 1415ರ ಅಕ್ಟೋಬರ್ 25ರ ಆ ಕದನವನ್ನು ಇಂಗ್ಲಿಷರಿಗೆ ಗೆಲ್ಲಿಸಿಕೊಟ್ಟಿದ್ದು ಹಿಂದಿನ ರಾತ್ರಿಯ ಮಳೆ. ಬಿತ್ತನೆಗೆಂದು ಆಗಷ್ಟೇ ಉತ್ತು ಬಿಟ್ಟಿದ್ದ ಹೊಲ, ಎರಡೂ ಪಕ್ಕದಲ್ಲಿ ಕಾಡು. ರಾತ್ರಿಯಿಡೀ ಕುದುರೆಗಳು ತುಳಿದ ಮಣ್ಣು. ಅದರ ಮೇಲೆ ಉಕ್ಕಿನ ಕವಚ ತೊಟ್ಟ ಫ್ರೆಂಚ್ ಯೋಧರು ನಡೆದು ಬರಬೇಕಾಯಿತು. ಉತ್ತ ಹೊಲದಲ್ಲಿ ಮಳೆಯ ಮರುದಿನ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ಕಾಲು ಕಿತ್ತರೆ ಇನ್ನೊಂದು ಹೂಳುತ್ತದೆ, ಪಾದಕ್ಕೆ ಅಂಟಿದ ಮಣ್ಣು ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತದೆ. ಶತ್ರುವಿನ ಬಳಿ ತಲುಪುವಷ್ಟರಲ್ಲಿ ಕತ್ತಿ ಎತ್ತಲು ಉಸಿರಿರಲಿಲ್ಲ. ಬಿದ್ದವರ ಮೇಲೆ ಹಿಂದಿನವರು ಬಿದ್ದರು. ಹಗುರ ಉಡುಪಿನ ಬಿಲ್ಲುಗಾರರು ಬಿಲ್ಲು ಬಿಸುಟು ಸುತ್ತಿಗೆ, ಕೊಡಲಿ ಹಿಡಿದು ಬಂದರು.

ಈ ಆಟದ ಕಡತಗಳನ್ನು ಬಿಡಿಸಿ ನೋಡಿದವರಿಗೆ ಗೊತ್ತು, ಪ್ರತಿ ಪಡೆಯ ವಿವರದಲ್ಲಿ ‘ಸ್ಟ್ಯಾಟ್ ಗ್ರೌಂಡ್’ ಎಂಬ ಒಂದು ಸಾಲು ಇರುತ್ತದೆ. ಅದರಲ್ಲಿ ನಾಲ್ಕೇ ಅಂಕಿಗಳು. ಪೊದೆನೆಲ, ಮರಳು, ಕಾಡು, ಹಿಮ. ಕೆಸರಿಗೆ ಜಾಗವೇ ಇಲ್ಲ! ವೀಕ್ಷಣಾಲಯದಲ್ಲಿ ಬೆಳಗ್ಗೆ 8.30ಕ್ಕೆ ನಾವು ಮಳೆಮಾಪಕ ನೋಡಿ ಬರೆಯುತ್ತಿದ್ದುದು ಅದಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು. ಆ ಒಂದು ಅಂಕಿಯನ್ನು ಆಟದವರು ಎಲ್ಲಾದರೂ ಸೇರಿಸಿದ್ದರೆ ಅಜಿನ್‌ಕೋರ್ಟ್ ತಾನಾಗಿಯೇ ಮೂಡುತ್ತಿತ್ತು. ಕದನದ ಹೊತ್ತಿಗೆ ಪರದೆಯ ಮೇಲೆ ಸುರಿಯುವ ಮಳೆ, ನೆಲದ ಮಟ್ಟಿಗೆ, ನೋಡಲು ಚೆಂದ, ಅಷ್ಟೇ.

ಪ್ರಶ್ನೆ: ಅದೇ ಆಟದಲ್ಲಿ ಒಂದು ಸರದಿಗೆ ಎರಡು ವರ್ಷ. ಹಾಗಿದ್ದರೂ ಒಂದು ಸರದಿ ಬೇಸಿಗೆ, ಮುಂದಿನದು ಚಳಿಗಾಲ ಎಂದು ತೋರಿಸುತ್ತದೆ. ಇದು ಹೇಗೆ?
— ಗೃಹಿಣಿ, ಧಾರವಾಡ

ಉತ್ತರ: ಹೇಗೂ ಅಲ್ಲ. 1080ರಿಂದ 1530ರವರೆಗಿನ 450 ವರ್ಷಗಳನ್ನು 225 ಸರದಿಗಳಲ್ಲಿ ಮುಗಿಸಬೇಕು, ನಡುವೆ ಹಿಮವೂ ಕಾಣಬೇಕು. ಎರಡು ವರ್ಷದ ಚಳಿಗಾಲ ಎಂದರೆ ಯಾವ ವೀಕ್ಷಕನೂ ಸಹಿ ಹಾಕುವುದಿಲ್ಲ.

ಪ್ರಶ್ನೆ: ‘ಯೂರೋಪಾ ಯೂನಿವರ್ಸಾಲಿಸ್ 4’ರಲ್ಲಿ ವಿಜಯನಗರವನ್ನು ಆಡುತ್ತಿದ್ದೇನೆ. ಬಹಮನಿಗಳ ಮೇಲೆ ಜುಲೈನಲ್ಲಿ ಯುದ್ಧ ಸಾರಿದೆ. ಮುಂಗಾರಿಗೆ ಸಿಕ್ಕಿ ಸೈನ್ಯ ಸವೆಯುತ್ತಾ ಹೋಯಿತು. ಆದರೆ ರಾಯಚೂರಿನಲ್ಲಿ ಅಷ್ಟೊಂದು ಮಳೆ ಎಲ್ಲಿದೆ?
— ಬ್ಯಾಂಕ್ ಉದ್ಯೋಗಿ, ಹೊಸಪೇಟೆ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಹೊಸಪೇಟೆಯವರು ಮಾತ್ರ ಕೇಳಬಲ್ಲ ಪ್ರಶ್ನೆ. ರಾಯಚೂರು ದೋಆಬ್, ಅಂದರೆ ಕೃಷ್ಣೆ-ತುಂಗಭದ್ರೆಗಳ ನಡುವಿನ ಸೀಮೆ, ಘಟ್ಟದ ಮಳೆನೆರಳಿನ ನಾಡು. ಅಲ್ಲಿ ಜುಲೈನಲ್ಲಿ ಬಿಸಿಲು ಕಾಯುತ್ತಿರಬಹುದು, ಆದರೂ ಕೃಷ್ಣೆ ದಡ ಮೀರಿ ಹರಿಯುತ್ತಿರುತ್ತಾಳೆ. ಆ ನೀರು ಮಹಾಬಳೇಶ್ವರದ ಕಡೆ ಬಿದ್ದದ್ದು. ತುಂಗಭದ್ರೆಯ ನೀರು ಪಶ್ಚಿಮಘಟ್ಟದ್ದು. ಆಟ ಮುಂಗಾರಿನ ದಂಡವನ್ನು ಮಳೆ ಬೀಳುವ ಪ್ರಾಂತದಲ್ಲಿ ನಿಂತವನಿಗೆ ಹಾಕುತ್ತದೆ. ನಿಜವಾದ ದಂಡ ಬೀಳುತ್ತಿದ್ದುದು ನೂರಾರು ಕಿಲೋಮೀಟರ್ ಕೆಳಗೆ ಹೊಳೆ ದಾಟಲು ನಿಂತವನಿಗೆ.

1398ರ ಸುಮಾರಿಗೆ ಫಿರೋಜ್ ಶಾ ಬಹಮನಿ ಮತ್ತು ವಿಜಯನಗರದ ದಂಡುಗಳು ತುಂಬಿದ ಕೃಷ್ಣೆಯ ಎರಡು ದಡಗಳಲ್ಲಿ ಎದುರುಬದುರು ಕೂತಿದ್ದವು. ಇತಿಹಾಸಕಾರ ಫಿರಿಷ್ತಾ ಹೇಳುವ ಪ್ರಕಾರ, ಖಾಜಿ ಸಿರಾಜ್ ಎಂಬವನು ಕೆಲವು ಜೊತೆಗಾರರೊಂದಿಗೆ ವೇಷ ಮರೆಸಿಕೊಂಡು ಈಚೆ ದಡದ ವಿಜಯನಗರದ ಪಾಳೆಯಕ್ಕೆ ನುಗ್ಗಿ ರಾಜಕುಮಾರನನ್ನು ಕೊಂದ. ಆ ಗದ್ದಲದ ನಡುವೆ ಬಹಮನಿ ಸೈನಿಕರು ಹರಿಗೋಲುಗಳಲ್ಲಿ ದಾಟಿ ಬಂದರು. ಫಿರಿಷ್ತಾ ಬರೆದದ್ದು ಎರಡು ಶತಮಾನ ಕಳೆದ ಮೇಲೆ, ಅವನಿಗೆ ಕತೆಯ ಚಪಲವೂ ಇತ್ತು. ಆದರೆ ಹೊಳೆ ತುಂಬಿದ್ದರಿಂದ ಎರಡು ದೊಡ್ಡ ಸೈನ್ಯಗಳು ಸುಮ್ಮನೆ ಕೂತಿದ್ದವು ಎಂಬ ಭಾಗಕ್ಕೆ ಬಣ್ಣ ಬೇಕಾಗಿಲ್ಲ. ಅದೇ ನದಿಯನ್ನು ಸುಲ್ತಾನರ ದಂಡುಗಳು ದಾಟಿ ಬಂದ ತಾಳಿಕೋಟೆಯ ಯುದ್ಧ ನಡೆದದ್ದು 1565ರ ಜನವರಿಯಲ್ಲಿ, ನೀರು ಇಳಿದು ಹಾಯ್ಗಡಗಳು ತೆರೆದಿರುವ ಕಾಲದಲ್ಲಿ. ಕೃಷ್ಣದೇವರಾಯ ಮಹಾನವಮಿಯ ಒಂಬತ್ತು ದಿನ ಮುಗಿದ ಮೇಲೆ ಇಡೀ ಸೈನ್ಯದ ತಪಾಸಣೆ ನಡೆಸಿದ್ದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಮಳೆ ತೆರಪಾದ ಮೇಲೆ ದಂಡು ಲೆಕ್ಕ ಹಾಕುವುದು ಬರೀ ಆಡಂಬರವಾಗಿರಲಿಲ್ಲ.

ಈಗ ಆಟಕ್ಕೆ. ಅದು ಶುರುವಾಗುವುದೇ 1444ರ ನವೆಂಬರ್ 11ಕ್ಕೆ. ಯೂರೋಪಿನಲ್ಲಿ ತುರ್ಕರು ಗೆದ್ದ ವಾರ್ನಾ ಕದನದ ಮರುದಿನ ಎಂಬ ಕಾರಣಕ್ಕೆ ಆ ದಿನಾಂಕವನ್ನು ಆಯ್ದಿದ್ದಾರೆ, ನಮಗೆ ಮಾತ್ರ ಅದು ಮಳೆ ಮುಗಿದ ಸುಮುಹೂರ್ತ. ಮುಂದಿನ ಜೂನ್‌ವರೆಗೆ ಏಳು ತಿಂಗಳು ಕೈಯಲ್ಲಿವೆ. ಬಯಲಿನ ಕದನವನ್ನು ಬೇಗ ಮುಗಿಸಿ. ಮುತ್ತಿಗೆ ಮಳೆಗಾಲಕ್ಕೆ ಜಾರುವುದಾದರೆ ಕೋಟೆಯ ಸುತ್ತ ಅಗತ್ಯದಷ್ಟೇ ಜನರನ್ನು ಬಿಟ್ಟು ಉಳಿದವರನ್ನು ಅಕ್ಕಪಕ್ಕದ ಪ್ರಾಂತಗಳಿಗೆ ಹಂಚಿ. ಮೂವತ್ತು ಸಾವಿರ ಜನರನ್ನು ಒಂದೇ ಕಡೆ ಪೇರಿಸುವವನಿಗೆ ಮುಂಗಾರಾದರೇನು, ಹಿಂಗಾರಾದರೇನು, ಒಂದು ಪ್ರಾಂತ ಎಷ್ಟು ಜನರನ್ನು ಸಾಕಬಲ್ಲದು ಎಂಬ ಸರಬರಾಜಿನ ಮಿತಿಯೇ ಸಾಕು.

ಪ್ರಶ್ನೆ: ಚಳಿಗಾಲದಲ್ಲಿ ರಷ್ಯಾದ ಮೇಲೆ ಹೋದರೆ ಆಟಗಳೆಲ್ಲ ಶಿಕ್ಷೆ ಕೊಡುತ್ತವೆ. ಮಂಗೋಲರು ಮಾತ್ರ ಹೇಗೆ ಗೆದ್ದರು?
— ಎಂಜಿನಿಯರ್, ಮಂಗಳೂರು

ಉತ್ತರ: ಅವರು ಚಳಿಗಾಲವನ್ನೇ ಆರಿಸಿಕೊಂಡು ಹೋದರು. 1237ರ ಡಿಸೆಂಬರ್‌ನಲ್ಲಿ ರ್‍ಯಾಜಾನ್ ಬಿತ್ತು, 1238ರ ಫೆಬ್ರವರಿಯಲ್ಲಿ ವ್ಲಾದಿಮಿರ್. ಕಾಡು ಮತ್ತು ಜೌಗಿನ ಆ ನಾಡಿನಲ್ಲಿ ಹೆಪ್ಪುಗಟ್ಟಿದ ನದಿಗಿಂತ ಒಳ್ಳೆಯ ರಸ್ತೆ ಇರಲಿಲ್ಲ. ಮಂಗೋಲರ ಕುದುರೆಗಳು ಗೊರಸಿನಿಂದ ಹಿಮ ಕೆದರಿ ಕೆಳಗಿನ ಹುಲ್ಲು ಮೇಯಬಲ್ಲವು. ವಸಂತ ಹತ್ತಿರವಾದಾಗ ನೊವ್‌ಗೊರೋಡ್ ತಲುಪುವ ಮುನ್ನವೇ ತಿರುಗಿ ಹೋದರು. ಹಿಮ ಕರಗಿ ದಾರಿಗಳೆಲ್ಲ ಕೆಸರಾಗುವುದು ಅದಕ್ಕೆ ಒಂದು ಕಾರಣ ಎನ್ನುತ್ತಾರೆ ಇತಿಹಾಸಕಾರರು. ಅಂದರೆ ನಿಮ್ಮ ಆಟ ಡಿಸೆಂಬರ್‌ಗೆ ಹಾಕುವ ಶಿಕ್ಷೆಯನ್ನು ಏಪ್ರಿಲ್‌ಗೂ ಹಾಕಬೇಕು. ‘ಕ್ರುಸೇಡರ್ ಕಿಂಗ್ಸ್ 3’ರಲ್ಲಿ ಚಳಿಯ ತೀವ್ರತೆಗೆ ಮೂರು ಹಂತಗಳಿವೆ, ಹಿಮ ಕರಗುವ ಕಾಲದ ಕೆಸರಿಗೆ ಯಾವುದೂ ಇಲ್ಲ.

ಪ್ರಶ್ನೆ: 1242ರಲ್ಲಿ ಪೈಪಸ್ ಸರೋವರದ ಹಿಮ ಒಡೆದು ಜರ್ಮನ್ ನೈಟ್‌ಗಳು ಮುಳುಗಿದ್ದು ನಿಜವೇ? ಆಟದಲ್ಲಿ ಹಾಗಾಗುವುದಿಲ್ಲ.
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಜನರ ಮನಸ್ಸಿನಲ್ಲಿರುವ ಆ ದೃಶ್ಯ ಹೆಚ್ಚಾಗಿ 1938ರ ಒಂದು ಸೋವಿಯತ್ ಚಲನಚಿತ್ರದ್ದು. ಕದನ ನಡೆದದ್ದು ಏಪ್ರಿಲ್ 5ರಂದು. ಸೋತ ಜರ್ಮನರನ್ನು ಹಿಮದ ಮೇಲೆ ಅಟ್ಟಿಸಿಕೊಂಡು ಹೋದರೆಂದು ನೊವ್‌ಗೊರೋಡ್‌ನ ದಾಖಲೆ ಹೇಳುತ್ತದೆ. ಸತ್ತವರು ಹುಲ್ಲಿನ ಮೇಲೆ ಬಿದ್ದರೆಂದು ಜರ್ಮನರ ಕಡೆಯ ಪದ್ಯಕಾವ್ಯ ಹೇಳುತ್ತದೆ.

ಪ್ರಶ್ನೆ: ಜೆರುಸಲೇಮ್ ಕಡೆ ಕಳಿಸಿದ ನನ್ನ ಕವಚಧಾರಿಗಳು ಸ್ವಲ್ಪ ಓಡಿದರೂ ಬಸವಳಿಯುತ್ತಾರೆ. ಇಲ್ಲಿ ಹೊರಗೆ ಕಾಲಿಟ್ಟರೆ ನನಗೂ ಅದೇ ಗತಿ.
— ಕನ್ನಡಿಗ, ದುಬೈ

ಉತ್ತರ: ಮಿಡೀವಲ್ 2ರಲ್ಲಿ ‘ಸ್ಟ್ಯಾಟ್ ಹೀಟ್’ ಎಂಬ ಅಂಕಿ ಇದೆ. ಬಿಸಿನಾಡಿನಲ್ಲಿ ಯಾರಿಗೆ ಎಷ್ಟು ಹೆಚ್ಚು ದಣಿವು ಎಂಬುದು ಅದರಲ್ಲಿದೆ. ಆದ್ದರಿಂದ ಓಡಿಸಬೇಡಿ, ನಡೆಸಿ. ಭಾರದ ಪಡೆಯನ್ನು ಹಿಂದಿಟ್ಟುಕೊಂಡು ಹಗುರ ಪಡೆಯಿಂದ ಶುರುಮಾಡಿ. ಆದರೆ ಆಟದಲ್ಲಿ ನೀರಿನ ಲೆಕ್ಕವಿಲ್ಲ. 1187ರ ಜುಲೈ 3ರಂದು ಯೂರೋಪಿನ ಕ್ರೈಸ್ತರ ಕ್ರುಸೇಡರ್ ಸೈನ್ಯ ಸಫೂರಿಯಾದ ಚಿಲುಮೆಗಳನ್ನು ಬಿಟ್ಟು ತಿಬೇರಿಯಾಸ್ ಕಡೆ ಹೊರಟಿತು. ದಾರಿಯುದ್ದಕ್ಕೂ ಸುಲ್ತಾನ ಸಲಾದಿನ್‌ನ ಬಿಲ್ಲುಗಾರ ರಾವುತರ ಕಾಟ, ಸಂಜೆಗೆ ನೀರಿಲ್ಲದ ಜಾಗದಲ್ಲಿ ಬಿಡಾರ. ಎದುರಾಳಿಗಳು ಒಣಹುಲ್ಲಿಗೆ ಬೆಂಕಿ ಹಚ್ಚಿ ಹೊಗೆಯನ್ನು ಅವರತ್ತ ಬಿಟ್ಟರು. ಮರುದಿನ ಹತ್ತೀನ್‌ನ ಗುಡ್ಡಗಳ ಬಳಿ ಎಲ್ಲವೂ ಮುಗಿಯಿತು. ಕೆಳಗೆ ಗಲಿಲೀ ಸರೋವರ ತುಂಬಿ ನಿಂತಿತ್ತು.

ಪ್ರಶ್ನೆ: ‘ಏಜ್ ಆಫ್ ಎಂಪೈರ್ಸ್ 2’ರ ಹಿಮದ ನಕ್ಷೆಗಳಲ್ಲಿ ಸೈನ್ಯ ನಿಧಾನವಾಗುತ್ತದೆಯೇ?
— ಒಂಬತ್ತನೇ ತರಗತಿ, ಮೈಸೂರು

ಉತ್ತರ: ಇಲ್ಲ ಮರಿ, ಅದು ಬಣ್ಣ.

ಪ್ರಶ್ನೆ: ಗಾಳಿಗೆ ಆಟಗಳಲ್ಲಿ ಬೆಲೆಯೇ ಇಲ್ಲವೇ?
— ನಿವೃತ್ತ ಶಿಕ್ಷಕ, ಚಿತ್ರದುರ್ಗ

ಉತ್ತರ: ಗಾಳಿಯಂತ್ರಗಳ ಊರಿನವರಿಗೆ ಈ ದೂರು ಸಹಜ. ಮಳೆಗೆ ಸಿಕ್ಕ ಮುತುವರ್ಜಿಯ ಕಾಲುಭಾಗವೂ ಗಾಳಿಗೆ ಸಿಕ್ಕಿಲ್ಲ. 1461ರ ಮಾರ್ಚ್ 29ರಂದು ಇಂಗ್ಲೆಂಡಿನ ಟೌಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಪಕ್ಷಗಳ ನಡುವೆ ನಡೆದ ಆ ಕದನದಲ್ಲಿ ಗಾಳಿ ಯಾರ್ಕ್ ಪಕ್ಷದವರ ಬೆನ್ನಿಗಿತ್ತು. ಅವರ ನಾಯಕ ಫಾಕನ್‌ಬರ್ಗ್ ಬಿಲ್ಲುಗಾರರಿಂದ ಒಂದು ಸುತ್ತು ಬಾಣ ಬಿಡಿಸಿ ಹಿಂದಕ್ಕೆ ಸರಿಸಿದ. ಕಣ್ಣಿಗೆ ಹಿಮ ಬಡಿಯುತ್ತಿದ್ದ ಲ್ಯಾಂಕಾಸ್ಟರ್‌ನವರು ದೂರ ತಿಳಿಯದೆ ಬತ್ತಳಿಕೆಯಲ್ಲಿದ್ದುದನ್ನೆಲ್ಲ ಬಿಟ್ಟರು. ಬಾಣಗಳು ನಡುಬಯಲಲ್ಲೇ ಬಿದ್ದವು. ಯಾರ್ಕ್‌ನವರು ಮುಂದೆ ಬಂದು ಅವನ್ನೇ ಹೆಕ್ಕಿ ತಿರುಗಿ ಹೊಡೆದರು. ಆಟದಲ್ಲಿ ಇದರ ಹತ್ತಿರಕ್ಕೆ ಬರಬೇಕಾದರೆ ದಿಬ್ಬ ಹಿಡಿಯಿರಿ. ಎತ್ತರದಿಂದ ಬಿಟ್ಟ ಬಾಣ ಹೆಚ್ಚು ದೂರ ಹೋಗುತ್ತದೆ, ಕೆಳಗಿನವರದು ನಿಮ್ಮನ್ನು ಮುಟ್ಟುವುದಿಲ್ಲ.