ಛಾವಣಿಯ ನಷ್ಟಕ್ಕೆ ಅಪ್ರೈಸಲ್: ಅದು ಆರ್ಬಿಟ್ರೇಶನ್ನೇ?

ಪ್ರಶ್ನೆ: ಆಲಿಕಲ್ಲು ಮಳೆಗೆ ಟೆಕ್ಸಾಸ್‌ನ ನಮ್ಮ ಮನೆಯ ಛಾವಣಿ ಹಾಳಾಗಿದೆ. ರಿಪೇರಿಗೆ 6,000 ಡಾಲರ್ ಸಾಕು ಅನ್ನುತ್ತದೆ ವಿಮಾ ಕಂಪನಿ; ಗುತ್ತಿಗೆದಾರರ ಲೆಕ್ಕ 21,000. ಪಾಲಿಸಿಯಲ್ಲಿ ‘ಅಪ್ರೈಸಲ್’ (ನಷ್ಟದ ಮೌಲ್ಯಮಾಪನ) ಷರತ್ತಿದೆ. ಇದೂ ಆರ್ಬಿಟ್ರೇಶನ್ನೇ (ಕೋರ್ಟಿನ ಹೊರಗೆ ಮಧ್ಯಸ್ಥರು ಕೊಡುವ ತೀರ್ಪೇ)? ಒಪ್ಪಿದರೆ ಮುಂದೆ ಕೋರ್ಟಿಗೆ ಹೋಗುವಂತಿಲ್ಲವೇ?

ಉತ್ತರ: ಟೆಕ್ಸಾಸ್‌ನಲ್ಲಿ ಎರಡೂ ಬೇರೆ. ಆರ್ಬಿಟ್ರೇಟರ್ ಸಾಕ್ಷಿ, ವಾದ ಕೇಳಿ ಇಡೀ ವ್ಯಾಜ್ಯವನ್ನೇ ತೀರ್ಮಾನಿಸುತ್ತಾರೆ. ಅಪ್ರೈಸರ್ ಹೇಳಬೇಕಾದದ್ದು ಇಷ್ಟೇ: ನಷ್ಟ ಎಷ್ಟು. ಪಾಲಿಸಿ ಅದಕ್ಕೆ ಅನ್ವಯಿಸುತ್ತದೆಯೇ ಎಂಬುದು ಕೋರ್ಟಿನ ಪಾಲಿಗೇ ಉಳಿಯುತ್ತದೆ. ಆದರೆ ಮೊತ್ತದ ಮಟ್ಟಿಗೆ ನೀವು ಕಟ್ಟುಬೀಳುತ್ತೀರಿ. ವಂಚನೆ, ತಪ್ಪು ಅಥವಾ ಅಧಿಕಾರ ಮೀರಿದ್ದು ಸಾಬೀತಾಗದಿದ್ದರೆ ಆ ಅಂಕಿಯನ್ನು ಅಳಿಸುವುದು ಬಲು ಕಷ್ಟ.

ನಿಮ್ಮಂಥದ್ದೇ ಜಗಳ 2009ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು (ಸ್ಟೇಟ್ ಫಾರ್ಮ್ ಲಾಯ್ಡ್ಸ್ ವಿರುದ್ಧ ಜಾನ್ಸನ್). ಆಲಿಕಲ್ಲಿಗೆ ಛಾವಣಿಯ ನೆತ್ತಿಯ ಸಾಲಷ್ಟೇ ಹಾಳಾಗಿದೆ, 499.50 ಡಾಲರ್ ಸಾಕು ಅಂದಿತು ಕಂಪನಿ. ಪೂರ್ತಿ ಬದಲಿಸಬೇಕು, 13,000 ಡಾಲರಿಗೂ ಹೆಚ್ಚು ಬೇಕು ಅಂದರು ಗುತ್ತಿಗೆದಾರರು. ಇದು ಆಲಿಕಲ್ಲಿನಿಂದ ಆದದ್ದೋ ಅಲ್ಲವೋ ಎಂಬ ಜಗಳ, ಅಪ್ರೈಸಲ್‌ಗೆ ಸಲ್ಲದು ಎಂದು ಕಂಪನಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ, ಮೊದಲು ಅಪ್ರೈಸಲ್ ಆಗಲಿ ಎಂದಿತು. ಎಷ್ಟು ಶಿಂಗಲ್ (ಛಾವಣಿಗೆ ಹೊದಿಸುವ ಬಿಲ್ಲೆ) ಹಾಳಾಗಿದೆ ಎಂದು ಎಣಿಸುವಾಗ ಕಾರಣವನ್ನೂ ಒಂದಿಷ್ಟು ನೋಡದೆ ವಿಧಿಯಿಲ್ಲವಲ್ಲ!

ಎಲ್ಲ ರಾಜ್ಯದಲ್ಲೂ ಹೀಗಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಅಪ್ರೈಸಲ್ ಒಪ್ಪಂದವನ್ನು ಆರ್ಬಿಟ್ರೇಶನ್ ಒಪ್ಪಂದದ ವ್ಯಾಖ್ಯೆಯೊಳಗೇ ಸೇರಿಸಿದೆ. ಫ್ಲೋರಿಡಾ ಮಾತ್ರ ಟೆಕ್ಸಾಸ್‌ನಂತೆ ಎರಡನ್ನೂ ಬೇರೆಯಾಗಿ ನೋಡುತ್ತದೆ: ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲೇ, ಆರ್ಬಿಟ್ರೇಶನ್ನಿನ ವಿಚಾರಣಾ ವಿಧಿಗಳು ಅಪ್ರೈಸಲ್‌ಗೆ ಬೇಕಿಲ್ಲ ಎಂದಿದೆ.

ಈಗ ನೀವು ಮಾಡಬೇಕಾದದ್ದು. ಅಪ್ರೈಸಲ್ ಬೇಕೆಂದು ಬರವಣಿಗೆಯಲ್ಲಿ ಕೇಳಿ, ನಕಲು ಇಟ್ಟುಕೊಳ್ಳಿ. ಸಾಮಾನ್ಯ ಷರತ್ತಿನಲ್ಲಿ 20 ದಿನದೊಳಗೆ ಎರಡೂ ಕಡೆಯವರು ಒಬ್ಬೊಬ್ಬ ಅಪ್ರೈಸರನ್ನು ಹೆಸರಿಸಬೇಕು. ಆ ಇಬ್ಬರು ಸೇರಿ ಅಂಪೈರನ್ನು (ತಮ್ಮಿಬ್ಬರ ಲೆಕ್ಕ ಹೊಂದದಿದ್ದರೆ ತೀರ್ಮಾನಿಸುವ ಮೂರನೆಯವರನ್ನು) ಆರಿಸುತ್ತಾರೆ. 15 ದಿನದಲ್ಲಿ ಒಪ್ಪಂದವಾಗದಿದ್ದರೆ ನ್ಯಾಯಾಧೀಶರು ನೇಮಿಸುತ್ತಾರೆ. ಮೂವರಲ್ಲಿ ಇಬ್ಬರ ಸಹಿ ಬಿದ್ದರೆ ತೀರ್ಪು. ನಿಮ್ಮ ಅಪ್ರೈಸರ್ ಖರ್ಚು ನಿಮ್ಮದು, ಅಂಪೈರ್ ಖರ್ಚು ಅರ್ಧರ್ಧ. ಗಡುವುಗಳು ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತವೆ, ಆ ಪುಟವನ್ನು ಪದಪದವಾಗಿ ಓದಿ.

ಬಹಳಷ್ಟು ಜನ ಎಡವುವುದು ಇಲ್ಲಿ: ಬಂದ ಹಣದಲ್ಲಿ ಶೇಕಡಾವಾರು ಪಾಲು ಕೇಳುವ ಅಪ್ರೈಸರನ್ನು ನೇಮಿಸುತ್ತಾರೆ. ನಿಷ್ಪಕ್ಷಪಾತಿ ಬೇಕೆಂಬ ಷರತ್ತು ಮುರಿಯಿತೆಂದು ಕಂಪನಿ ತೀರ್ಪನ್ನೇ ಪ್ರಶ್ನಿಸಬಹುದು. ನಿಗದಿತ ಶುಲ್ಕ ಅಥವಾ ಗಂಟೆಯ ಲೆಕ್ಕದವರನ್ನೇ ಹಿಡಿಯಿರಿ. ಒಟ್ಟು ಮೊತ್ತವೊಂದನ್ನೇ ಬರೆದ ತೀರ್ಪೂ ತೊಂದರೆಯೇ. ಛಾವಣಿ, ಮಳೆನೀರಿನ ದೋಣಿ, ಒಳಗಿನ ಸೀಲಿಂಗ್ ಎಲ್ಲವನ್ನೂ ಬಿಡಿಬಿಡಿಯಾಗಿ, ಸವಕಳಿ ಕಳೆದ ಬೆಲೆ ಮತ್ತು ಹೊಸದು ಹಾಕಿಸುವ ಬೆಲೆ ಎರಡನ್ನೂ ಬರೆಯುವಂತೆ ಮೊದಲೇ ಕೇಳಿ. ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಭರಿಸಬೇಕಾದ ಪಾಲು) ಮತ್ತು ಕಂಪನಿ ಈಗಾಗಲೇ ಕೊಟ್ಟ ಹಣವನ್ನು ಸಾಮಾನ್ಯವಾಗಿ ಆಮೇಲೆ ತೀರ್ಪಿನ ಮೊತ್ತದಿಂದ ಕಳೆಯುತ್ತಾರೆ.

ಇನ್ನೊಂದು ಮಾತು. ಅಪ್ರೈಸಲ್ ನಡೆಯುತ್ತಿದೆ ಎಂದಮಾತ್ರಕ್ಕೆ ಕೋರ್ಟಿಗೆ ಹೋಗುವ ಗಡುವು ತಾನಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಆ ಗಡುವು ಮುಗಿಯುವ ಮೊದಲು ಅದರ ವಿಸ್ತರಣೆಗೆ ಕಂಪನಿಯಿಂದ ಬರವಣಿಗೆಯ ಒಪ್ಪಿಗೆ ಪಡೆಯಿರಿ. ಸಿಗದಿದ್ದರೆ ವಕೀಲರ ಮೂಲಕ ದಾವೆ ಹೂಡಿಟ್ಟು, ಅಪ್ರೈಸಲ್ ಮುಗಿಯುವವರೆಗೆ ತಡೆಹಿಡಿಯಲು ಕೋರಬಹುದು.