ನುವಾರ ಎಲಿಯದಲ್ಲಿ ಒಂದು ದಿನ: ಬೆಳಿಗ್ಗೆ ಗಾಲ್ಫ್, ಮಧ್ಯಾಹ್ನ ಗೊರಕ ಹುಳಿ ಹಾಕಿದ ಹಂದಿ ಸಾರು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಶ್ರೀಲಂಕಾದ ಬೆಟ್ಟದೂರು ನುವಾರ ಎಲಿಯಕ್ಕೆ ಹೊರಟಿರುವ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಐವತ್ತು ದಾಟಿದವರು. ಅಲ್ಲಿ ನಮಗೆ ಸಿಗುವುದು ಒಂದೇ ದಿನ. ಗಾಲ್ಫೂ ಆಗಬೇಕು, ಅಲ್ಲಿನ ಊಟವೂ ಆಗಬೇಕು, ಧಾವಂತ ಬೇಡ. ದಿನವನ್ನು ಹೇಗೆ ಹೊಂದಿಸಿಕೊಳ್ಳಲಿ?
— ದಂಪತಿ, ಮಡಿಕೇರಿ

ಹಿಂದಿನ ರಾತ್ರಿಯೇ ಊರು ಸೇರಿಬಿಡಿ. ಕ್ಯಾಂಡಿಯಿಂದ 75 ಕಿಲೋಮೀಟರ್ ಚಿಲ್ಲರೆ ಅಂದರೂ ಘಟ್ಟದ ತಿರುವುಗಳಲ್ಲಿ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ರೈಲಿನಲ್ಲಿ ಬರುವವರು ನಾನು ಓಯ ನಿಲ್ದಾಣದಲ್ಲಿ ಇಳಿಯಬೇಕು; ಅಲ್ಲಿಂದ ಊರಿಗೆ ಸುಮಾರು 8 ಕಿಲೋಮೀಟರ್.

ಆಟ ಬೆಳಿಗ್ಗೆ 7ರ ಹೊತ್ತಿಗೆ ಶುರುವಾಗಲಿ. ಮಧ್ಯಾಹ್ನದ ಮೇಲೆ ಮಂಜೋ ಮಳೆಯೋ ಇಳಿಯುವ ಊರು ಅದು. ಜನವರಿಯಿಂದ ಮಾರ್ಚ್‌ವರೆಗೆ ಒಣ ಹವೆ ಹೆಚ್ಚು. ಏಪ್ರಿಲ್ ನಡುವಿನ ಹೊಸವರ್ಷದ ಸಮಯದಲ್ಲಿ ಊರು ತುಂಬಿ ತುಳುಕುತ್ತದೆ. ನೆಮ್ಮದಿ ಬೇಕಿದ್ದರೆ ಆಗ ಹೋಗಲೇಬೇಡಿ.

ನುವಾರ ಎಲಿಯ ಗಾಲ್ಫ್ ಕ್ಲಬ್ 1889ರದು. 18 ಕುಳಿ, ಪಾರ್ (ಎಲ್ಲ ಕುಳಿಗೂ ಸೇರಿ ನಿಗದಿಯಾದ ಹೊಡೆತ) 70, ಊರಿನ ನಟ್ಟನಡುವೆಯೇ ಇದೆ. ಹೊರಗಿನವರಿಗೆ ತಾತ್ಕಾಲಿಕ ಸದಸ್ಯತ್ವ ಕೊಡುತ್ತಾರೆ. ಶನಿವಾರ, ಭಾನುವಾರ ಸದಸ್ಯರ ಪಂದ್ಯ ಇರಬಹುದು, ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಕಾಲರ್ ಇರುವ ಅಂಗಿ ಬೇಕು, ಜೀನ್ಸ್ ಬೇಡ.

18 ಕುಳಿಗೆ ನಾಲ್ಕು ಗಂಟೆಗೂ ಮೇಲೆ ಬೇಕು, 9ಕ್ಕೆ ಎರಡು ಗಂಟೆ ಸಾಕು. ಒಂದೇ ದಿನ ಇರುವವರು 9 ಆಡಿದರೆ ಸಾಕೆಂಬುದು ನಮ್ಮ ಅಭಿಪ್ರಾಯ, ಅದೂ ಫೋರ್ಸಮ್ಸ್ ಕ್ರಮದಲ್ಲಿ. ಅಂದರೆ ಇಬ್ಬರಿಗೂ ಒಂದೇ ಚೆಂಡು, ಒಬ್ಬರ ನಂತರ ಒಬ್ಬರ ಹೊಡೆತ. ಬೆಸ ಸಂಖ್ಯೆಯ ಕುಳಿಗಳಲ್ಲಿ ಮೊದಲ ಹೊಡೆತ ಒಬ್ಬರದು, ಸಮ ಸಂಖ್ಯೆಯವುಗಳಲ್ಲಿ ಇನ್ನೊಬ್ಬರದು. ದಂಡದ (ಪೆನಾಲ್ಟಿ) ಹೊಡೆತ ಬಂದರೂ ಸರದಿ ಬದಲಾಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಎದುರು ಇನ್ನೊಂದು ಜೋಡಿ ಇದ್ದರೆ ಇಬ್ಬರ ಹ್ಯಾಂಡಿಕ್ಯಾಪ್ (ಆಟಗಾರರಿಗೆ ಸಿಗುವ ರಿಯಾಯಿತಿ ಹೊಡೆತ) ಕೂಡಿಸಿ ಅರ್ಧ ಮಾಡಿಕೊಳ್ಳಿ. ಯಜಮಾನರ ಅಡ್ಡ ಹೊಡೆತವನ್ನು ಮುಂದಿನ ಸರದಿಯಲ್ಲಿ ಹೆಂಡತಿಯೇ ಪೊದೆಯಿಂದ ತೆಗೆಯಬೇಕಾಗುತ್ತದೆ, ಅಷ್ಟಕ್ಕೆ ತಯಾರಿರಿ.

ಆಟಕ್ಕೆ ಮೊದಲು ಹೊಟ್ಟೆ ತುಂಬ ತಿನ್ನಬೇಡಿ. ಎರಡು ಮೂರು ಇಡಿಯಾಪ್ಪ (ಅಕ್ಕಿ ಶಾವಿಗೆ), ಮೇಲೆ ಕಿರಿ ಹೊದಿ (ಅರಿಸಿನ ಹಾಕಿದ ತೆಳು ತೆಂಗಿನಹಾಲಿನ ಸಾರು) ಸಾಕು. ನೂಪುಟ್ಟು ತಿಂದು ಬೆಳೆದವರಿಗೆ ಇದು ಒಗ್ಗುತ್ತದೆ. ಅನ್ನ ಮತ್ತು ಪಲ್ಯ, ಸಾರುಗಳ ಊಟ 12ರಿಂದ 1.30ರ ಒಳಗೆ ಮುಗಿಯಲಿ. ಬೆಳಿಗ್ಗೆಯೇ ಮಾಡಿಟ್ಟ ಅಡುಗೆ ಅದು, ತಡವಾದರೆ ಆರಿರುತ್ತದೆ, ಒಳ್ಳೆಯದೆಲ್ಲ ಖಾಲಿಯಾಗಿರುತ್ತದೆ. ಊಟವಾದ ಮೇಲೆ ಮಲಗಿ. ಸಂಜೆ ಗ್ರೆಗರಿ ಕೆರೆಯ ಸುತ್ತ ನಡೆದು ಬಂದು ಬಿಸಿ ಆಪ್ಪ (ಬಟ್ಟಲಿನಂತಿರುವ ಅಕ್ಕಿ ದೋಸೆ) ತಿನ್ನಿ. ಬಾಣಲೆಯಿಂದ ತೆಗೆದ ಐದು ನಿಮಿಷದಲ್ಲಿ ಅದರ ಅಂಚು ಮೆತ್ತಗಾಗುತ್ತದೆ, ಹಾಗಾಗಿ ಕಟ್ಟಿಸಿಕೊಂಡು ಹೋಗುವ ತಿಂಡಿಯಲ್ಲ. ಊರಿನ ಹಳೆಯ ಹಿಲ್ ಕ್ಲಬ್‌ನಲ್ಲಿ ರಾತ್ರಿಯ ಊಟ ಮಾಡುವ ಆಸೆಯಿದ್ದರೆ ಗಂಡಸರು ಕೋಟು, ಟೈ ಒಯ್ಯಬೇಕು.

ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ಹುಣ್ಣಿಮೆ ಅಲ್ಲಿ ಪೋಯ ರಜೆ. ಅಂದು ಮದ್ಯ ಮಾರುವುದಿಲ್ಲ, ಮಾಂಸದಂಗಡಿಗಳೂ ಮುಚ್ಚಿರುತ್ತವೆ.

ಪ್ರಶ್ನೆ: ಎತ್ತರದ ಜಾಗದಲ್ಲಿ ಚೆಂಡು ದೂರ ಹೋಗುತ್ತದಂತೆ. ಯಾವ ಕ್ಲಬ್ (ಹೊಡೆಯುವ ಕೋಲು) ಹಿಡಿಯಬೇಕೆಂಬ ಲೆಕ್ಕ ಎಷ್ಟು ಬದಲಾಗುತ್ತದೆ?
— ಓದುಗರು, ಪಾಲಿಬೆಟ್ಟ

ಗಾಳಿ ತೆಳುವಾದಷ್ಟು ಚೆಂಡಿಗೆ ತಡೆ ಕಡಿಮೆ. ಸಾವಿರ ಅಡಿಗೆ ಶೇಕಡಾ 1ಕ್ಕಿಂತ ತುಸು ಹೆಚ್ಚು ದೂರ ಎಂಬುದು ಆಟಗಾರರ ಲೆಕ್ಕ. ನುವಾರ ಎಲಿಯ ಇರುವುದು ಸುಮಾರು 1,868 ಮೀಟರ್ ಎತ್ತರದಲ್ಲಿ, ಅಂದರೆ 6,100 ಅಡಿಗೂ ಮೇಲೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಶೇಕಡಾ 7ರಷ್ಟು ಲಾಭ. ಗಾಲ್ಫ್ ಪುಸ್ತಕಗಳು ಹೇಳುವುದು ಇಷ್ಟನ್ನೇ. ಆದರೆ ನೀವು ಸಮುದ್ರಮಟ್ಟದಿಂದ ಹೋಗುತ್ತಿಲ್ಲ. ಮಡಿಕೇರಿಯೇ 1,150 ಮೀಟರಿನ ಆಸುಪಾಸಿನಲ್ಲಿದೆ, ಅಲ್ಲಿನ ನಿಮ್ಮ ಹೊಡೆತದಲ್ಲಿ ಶೇಕಡಾ 4ರಷ್ಟು ಲಾಭ ಆಗಲೇ ಸೇರಿಕೊಂಡಿದೆ. ಹಾಗಾಗಿ ಮಡಿಕೇರಿಯಲ್ಲಿ 150 ಗಜ ಹೋಗುವ ಚೆಂಡು ಅಲ್ಲಿ 154 ಗಜ ಹೋದೀತು. ಬೆಳಗಿನ ಚಳಿಯಲ್ಲಿ ತಣ್ಣನೆಯ ಚೆಂಡು ಅದರಲ್ಲಿಯೂ ಎರಡು ಮೂರು ಗಜ ನುಂಗುತ್ತದೆ. ಒಟ್ಟಿನಲ್ಲಿ ಬೆಳಿಗ್ಗೆ ಆಡುವವರಿಗೆ ಮಡಿಕೇರಿಯ ಲೆಕ್ಕವೇ ಸಾಕು. ಬಿಸಿಲೇರಿದ ಮೇಲೆ ಮೂರು ನಾಲ್ಕು ಗಜ ಸೇರಿಸಿ. ಪಾಲಿಬೆಟ್ಟ, ಬಿಟ್ಟಂಗಾಲದಲ್ಲಿ ಆಡುವವರು ಇನ್ನೊಂದೆರಡು ಗಜ ಸೇರಿಸಿಕೊಳ್ಳಬಹುದು.

ಪೆಟ್ಟು ತಿನ್ನುವುದು ಮರುದಿನ ಸಮುದ್ರಮಟ್ಟದ ಕೊಲಂಬೊಗೆ ಇಳಿದಾಗ. 1879ರ ರಾಯಲ್ ಕೊಲಂಬೊ ಗಾಲ್ಫ್ ಕ್ಲಬ್‌ನ ಮೈದಾನದ ನಡುವೆ ರೈಲು ಹಳಿ ಹಾದುಹೋಗುತ್ತದೆ, ಅಲ್ಲಿ ಆಡುವ ಆಸೆ ಎಲ್ಲರಿಗೂ ಇರುತ್ತದೆ. ಮಡಿಕೇರಿಯ 150 ಗಜ ಅಲ್ಲಿ 144ಕ್ಕೆ ಇಳಿಯುತ್ತದೆ. ಒಂದು ಕ್ಲಬ್ ದೊಡ್ಡದನ್ನೇ ಹಿಡಿಯಿರಿ.

ನುವಾರ ಎಲಿಯದಲ್ಲಿ ನಿಜವಾದ ತೊಂದರೆ ದೂರದ್ದಲ್ಲ, ಅಗಲದ್ದು. ಫೇರ್‌ವೇಗಳು (ಚೆಂಡು ಸಾಗುವ ಹುಲ್ಲಿನ ಹಾದಿ) ಕಿರಿದು, ಎರಡೂ ಕಡೆ ಎತ್ತರದ ಮರ, ಅಲ್ಲಲ್ಲಿ ತೊರೆ. ಅತಿ ದೂರ ಹೊಡೆಯುವ ಡ್ರೈವರ್ ಕ್ಲಬ್ಬನ್ನು ಚೀಲದಲ್ಲೇ ಬಿಟ್ಟು 5 ವುಡ್ ಇಲ್ಲವೇ ಹೈಬ್ರಿಡ್ ಎಂಬ ಚಿಕ್ಕ ಕ್ಲಬ್‌ನಲ್ಲಿ ಹೊಡೆಯಿರಿ. ಇಬ್ಬನಿ ಇರುವಾಗ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ನಿಧಾನ, ಪಟ್ (ಅಲ್ಲಿ ಚೆಂಡು ಉರುಳಿಸುವ ಹೊಡೆತ) ತುಸು ಗಟ್ಟಿಯಾಗಿರಲಿ.

ಪ್ರಶ್ನೆ: ಒದ್ದೆ ನೆಲದಲ್ಲಿ ಚೆಂಡು ಹೂತುಕೊಂಡರೆ ಹಾಗೇ ಆಡಬೇಕೇ?
— ಓದುಗರು, ಸೋಮವಾರಪೇಟೆ

ಬೇಕಿಲ್ಲ. ನಿಮ್ಮ ಹಿಂದಿನ ಹೊಡೆತದಿಂದಲೇ ಚೆಂಡು ನೆಲಮಟ್ಟಕ್ಕಿಂತ ಕೆಳಗೆ ಹೂತಿದ್ದರೆ, ಅದು ಬಂಕರ್‌ನಲ್ಲೋ (ಮರಳುಗುಂಡಿ) ದಂಡದ ಪ್ರದೇಶದಲ್ಲೋ ಇಲ್ಲದಿದ್ದರೆ, ದಂಡವಿಲ್ಲದೆ ಎತ್ತಿ ಒರೆಸಿಕೊಳ್ಳಬಹುದು. ಹೂತ ಜಾಗದ ಹಿಂಬದಿಗೆ, ಒಂದು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ ಮೊಣಕಾಲೆತ್ತರದಿಂದ ಬಿಡಿ. ಭುಜದ ಎತ್ತರದಿಂದ ಬಿಡುವ ಕ್ರಮ 2019ಕ್ಕೇ ಮುಗಿಯಿತು. ಕೆಂಪು ಗೂಟ ನೆಟ್ಟು ದಂಡದ ಪ್ರದೇಶವೆಂದು ಗುರುತಿಸಿದ ತೊರೆಗೆ ಬಿದ್ದರೆ ಒಂದು ಹೊಡೆತದ ದಂಡ, ಚೆಂಡು ಗಡಿ ದಾಟಿದ ಕಡೆಯಿಂದ ಎರಡು ಕ್ಲಬ್ ಉದ್ದ. ಕಳೆದ ಚೆಂಡು ಹುಡುಕಲು ಮೂರೇ ನಿಮಿಷ.

ಪ್ರಶ್ನೆ: ಅಲ್ಲಿನ ಹಂದಿಯ ಕಪ್ಪು ಸಾರಿಗೂ ನಮ್ಮ ಪಂದಿಕರಿಗೂ ಒಂದೇ ರುಚಿ ಎನ್ನುತ್ತಾರೆ. ನಿಜವೇ? ಗೊರಕ ತಂದು ಮನೆಯಲ್ಲಿ ಕಾಚಂಪುಳಿಯ ಬದಲು ಹಾಕಬಹುದೇ?
— ಗೃಹಿಣಿ, ಪೊನ್ನಂಪೇಟೆ

ಎರಡರ ಹುಳಿಯೂ ಒಂದೇ ಜಾತಿಯ ಮರದ್ದು, ನಮ್ಮ ಉಪ್ಪಾಗೆ. ನಾವು ಹಣ್ಣಿನ ರಸ ಇಳಿಸಿ, ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಕಾಚಂಪುಳಿ ಮಾಡುತ್ತೇವೆ. ಅವರು ಸಿಪ್ಪೆಯ ತೊಳೆಗಳನ್ನು ಒಣಗಿಸಿ ಗೊರಕ ಮಾಡುತ್ತಾರೆ. ಇಬ್ಬರೂ ಮಸಾಲೆಯನ್ನು ಕಪ್ಪಾಗುವ ತನಕ ಹುರಿಯುತ್ತೇವೆ: ಕೊತ್ತಂಬರಿ, ಜೀರಿಗೆ, ಮೆಂತ್ಯ, ಕರಿಮೆಣಸು. ಅವರದಕ್ಕೆ ಸೋಂಪು, ದಾಲ್ಚಿನ್ನಿ, ಮಜ್ಜಿಗೆಹುಲ್ಲು, ರಂಪೆ (ಕೇದಗೆ ಜಾತಿಯ ಪರಿಮಳದ) ಎಲೆ ಸೇರುತ್ತವೆ. ಹಾಗಾಗಿ ಮೊದಲ ತುತ್ತಿಗೆ ನಮ್ಮದೇ ಅನಿಸಿದರೂ ಆಮೇಲೆ ಬರುವ ವಾಸನೆ ಬೇರೆ.

ಬದಲಿಗೆ ಹಾಕಬಹುದು, ಆದರೆ ಹಾಕುವ ಹೊತ್ತು ಬೇರೆ. ಕಾಚಂಪುಳಿಯನ್ನು ಮಾಂಸ ಬೆಂದ ಮೇಲೆ, ಕಿಲೋಗೆ ಒಂದರಿಂದ ಎರಡು ದೊಡ್ಡ ಚಮಚದಂತೆ ಕೊನೆಯಲ್ಲಿ ಹಾಕುತ್ತೀರಿ. ಗೊರಕವನ್ನು ಮೊದಲೇ ಹಾಕಬೇಕು. ಕಿಲೋ ಮಾಂಸಕ್ಕೆ ನಾಲ್ಕೈದು ತುಂಡುಗಳನ್ನು ತೊಳೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ಅರೆದು, ಮಸಾಲೆಯ ಜೊತೆ ಮಾಂಸಕ್ಕೆ ಸವರಿ ಒಂದು ಗಂಟೆ ಬಿಡಿ. ಕೊನೆಯಲ್ಲಿ ಹಾಕಿದರೆ ನಾಲಿಗೆಗೆ ಒಗರು ಅಂಟುತ್ತದೆ, ಹುಳಿ ಮಾಂಸದೊಳಗೆ ಇಳಿಯುವುದಿಲ್ಲ. ಗೊರಕಕ್ಕೆ ಒಣಗಿಸುವಾಗಲೇ ಉಪ್ಪು ಹಚ್ಚಿರುವುದುಂಟು, ಆದ್ದರಿಂದ ಸಾರಿಗೆ ಉಪ್ಪನ್ನು ಬೆಂದ ನಂತರ ರುಚಿ ನೋಡಿಯೇ ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಈ ಹುಳಿ ಅದನ್ನು ತಿನ್ನುತ್ತದೆ. ಮಣ್ಣಿನ ಚಟ್ಟಿಯೇ ವಾಸಿ. ನಮ್ಮ ಮತ ಕೇಳಿದರೆ, ಪಂದಿಕರಿಗೆ ಕಾಚಂಪುಳಿಯೇ ಇರಲಿ. ಗೊರಕ ಮೀನಿಗೆ ಒಪ್ಪುತ್ತದೆ. ಅವರ ಅಂಬುಲ್ ತಿಯಲ್ ಸೂರೆ (ಟ್ಯೂನಾ) ಮೀನಿನಲ್ಲಿ ಮಾಡುವ ಒಣ ಹುಳಿ ಪದಾರ್ಥ, ಕಲಿಯಬೇಕಾದ್ದು ಅದು.

ಅಲ್ಲಿ ಹಂದಿ ಎಲ್ಲ ಹೋಟೆಲಿನಲ್ಲೂ ಸಿಗದು. ತಂಗುವ ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ. ಸಸ್ಯಾಹಾರಿಗಳು ಜೊತೆಗಿದ್ದರೆ ಪೊಲ್ ಸಂಬೋಲ ಎಂಬ ತೆಂಗಿನಕಾಯಿ ಚಟ್ನಿಯ ವಿಷಯದಲ್ಲಿ ಎಚ್ಚರ, ಅದರಲ್ಲಿ ಒಣಮೀನಿನ ಪುಡಿ ಇರುತ್ತದೆ.

ಪ್ರಶ್ನೆ: ನಾವು ಕಾಫಿ ಬೆಳೆಗಾರರು. ಅಲ್ಲಿಂದ ಏನು ತರಬಹುದು, ಏನು ತರಬಾರದು?
— ಓದುಗರು, ಸಿದ್ದಾಪುರ

ಚಹಾ ತನ್ನಿ. ನುವಾರ ಎಲಿಯದ ಚಹಾ ತಿಳಿ ಬಣ್ಣದ್ದು, ಹಾಲು ಹಾಕಿದರೆ ಕೆಡುತ್ತದೆ. ಒಂದು ಲೋಟಕ್ಕೆ ಒಂದು ಸಣ್ಣ ಚಮಚ, ಮೂರು ನಿಮಿಷ, ಸೋಸಿ ಬರಿದೇ ಕುಡಿಯಿರಿ.

ಗಿಡ, ಕಸಿ ಕಡ್ಡಿ, ಬಿತ್ತನೆ ಬೀಜ, ಮಣ್ಣು ಮಾತ್ರ ಬೇಡ. ಗಾಲ್ಫ್ ಶೂಗಳ ಮುಳ್ಳುಗಳ ಸಂದಿಯ ಮಣ್ಣೂ ಮಣ್ಣೇ: ಹೊರಡುವ ಹಿಂದಿನ ರಾತ್ರಿ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ ಚೀಲಕ್ಕೆ ಹಾಕಿ. ಆ ಬೆಟ್ಟಗಳಲ್ಲೂ ಒಂದು ಕಾಲಕ್ಕೆ ಕಾಫಿಯೇ ಇತ್ತು. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ತೋಟಗಳನ್ನು ಮುಗಿಸಿದ ಮೇಲೆಯೇ ಚಹಾ ಹಬ್ಬಿದ್ದು. ಮನೆಗೆ ಬಂದ ಮೇಲೂ ಆ ಶೂ ಹಾಕಿಕೊಂಡು ನೇರ ತೋಟಕ್ಕೆ ಇಳಿಯಬೇಡಿ.