ರಾತ್ರಿ ಹೊತ್ತು ಮನೆಯ ವೆಂಟಿಲೇಟರ್ ಪದೇ ಪದೇ ಅಲಾರಾಂ ಹೊಡೆದರೆ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆ ಓದಿದ ಮೇಲೆ ಉತ್ತರ ಬರೆಯದೆ ಮಲಗಲು ಮನಸ್ಸಾಗಲಿಲ್ಲ. ತಂದೆಗೆ ಮೋಟಾರ್ ನ್ಯೂರಾನ್ ಕಾಯಿಲೆ (ನರ ಸೋತು ಸ್ನಾಯುಗಳ ಬಲ ಹೋಗುವ ಕಾಯಿಲೆ), ಗಂಟಲಿಗೆ ಟ್ರೇಕಿಯಾಸ್ಟಮಿ ಆಗಿದೆ (ಉಸಿರಾಡಲು ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕಿದ್ದಾರೆ), ಪೋರ್ಟಬಲ್ ವೆಂಟಿಲೇಟರ್ ಸಮೇತ ತೀರ್ಥಹಳ್ಳಿ ಕಡೆಯ ಊರಿಗೆ ಕರೆದುಕೊಂಡು ಬಂದು ಹನ್ನೆರಡು ದಿನ ಆಯಿತು, ಹಗಲು ಏನೂ ತೊಂದರೆ ಇಲ್ಲ, ರಾತ್ರಿ ಎರಡು ಗಂಟೆ ದಾಟಿತು ಅಂದರೆ ಒಮ್ಮೆ ಹೈ ಪ್ರೆಶರ್, ಒಮ್ಮೆ ಲೋ ಪ್ರೆಶರ್ ಅಂತ (ಟ್ಯೂಬಿನಲ್ಲಿ ಗಾಳಿಯ ಒತ್ತಡ ಜಾಸ್ತಿ, ಕಡಿಮೆ ಅಂತ) ಅಲಾರಾಂ ಹೊಡೆಯುತ್ತಲೇ ಇರುತ್ತದೆ, ಮೆಷಿನ್ ಬಾಡಿಗೆಗೆ ಕೊಟ್ಟವರು ಫೋನಿನಲ್ಲಿ "ಸೈಲೆನ್ಸ್ ಒತ್ತಿ, ಏನೂ ಆಗಲ್ಲ" ಅಂದರು. ಇಷ್ಟು ಬರೆದಿದ್ದೀರಿ. ಜೊತೆಗೆ ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್ ಇದೆ ಅಂತಲೂ ಬರೆದಿದ್ದೀರಿ. ಒಳ್ಳೆಯದಾಯಿತು, ಅದರಲ್ಲೇ ಅರ್ಧ ಉತ್ತರ ಇದೆ.

ನಾನು ರೆಸ್ಪಿರೇಟರಿ ಥೆರಪಿಸ್ಟ್. ಹನ್ನೊಂದು ವರ್ಷ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ, ಈಗ ಮನೆಯಲ್ಲಿ ವೆಂಟಿಲೇಟರ್ ಮೇಲಿರುವವರನ್ನು ನೋಡಿಕೊಳ್ಳುತ್ತೇನೆ. ನಮ್ಮ ಅತ್ತೆಯೂ ಎಂಟು ತಿಂಗಳು ಇದೇ ತರಹ ಮನೆಯಲ್ಲಿ ಇದ್ದರು. ಹಾಗಾಗಿ ಮಧ್ಯರಾತ್ರಿ ಆ ಸದ್ದಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ನನಗೆ ಗೊತ್ತು.

ಮೊದಲು ಒಂದು ಮಾತು. "ಏನೂ ಆಗಲ್ಲ" ಅಂದಿದ್ದು ತಪ್ಪು. ಸೈಲೆನ್ಸ್ ಬಟನ್ ಸದ್ದನ್ನು ಒಂದೆರಡು ನಿಮಿಷ ನಿಲ್ಲಿಸುತ್ತದೆ ಅಷ್ಟೇ, ಕಾರಣವನ್ನು ಅಲ್ಲ. ಅದನ್ನು ಒತ್ತಬಾರದು ಅಂತಲ್ಲ. ಒತ್ತಿದ ಕೈ ಅಲ್ಲಿಂದ ನೇರ ತಂದೆಯ ಎದೆಯ ಮೇಲೆ ಹೋಗಬೇಕು. ಎಲ್ಲರೂ ಮಾಡುವ ತಪ್ಪು ಏನು ಅಂದರೆ ಅಲಾರಾಂ ಬಂದ ತಕ್ಷಣ ಸ್ಕ್ರೀನ್ ಓದಲು ನಿಲ್ಲುತ್ತಾರೆ. ಸ್ಕ್ರೀನ್ ಆಮೇಲೆ. ಎದೆ ಎರಡೂ ಕಡೆ ಸಮವಾಗಿ ಏಳುತ್ತಿದೆಯಾ, ತುಟಿ ಉಗುರು ನೀಲಿ ಆಗಿದೆಯಾ, ಮುಖದಲ್ಲಿ ಗಾಬರಿ ಇದೆಯಾ, ಬೆರಳಿನ ಆಕ್ಸಿಮೀಟರ್ ಎಷ್ಟು ತೋರಿಸುತ್ತಿದೆ, ಇಷ್ಟನ್ನು ಐದು ಸೆಕೆಂಡಿನಲ್ಲಿ ನೋಡಬಹುದು. ಇವುಗಳಲ್ಲಿ ಒಂದು ಸರಿ ಇಲ್ಲ ಅನ್ನಿಸಿದರೂ ಮೆಷಿನ್ ಬಿಟ್ಟುಬಿಡಿ. ಟ್ರೇಕಿ (ಗಂಟಲಿನ ತೂತಿನಲ್ಲಿರುವ ಟ್ಯೂಬ್) ಹತ್ತಿರ ಮೆಷಿನ್‌ನಿಂದ ಬರುವ ಟ್ಯೂಬ್ ಕಳಚಿ, ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ) ಸಿಕ್ಕಿಸಿ, ಕೈಯಲ್ಲಿ ಉಸಿರು ಕೊಡಿ. ನಾಲ್ಕೈದು ಸೆಕೆಂಡಿಗೆ ಒಂದು ಸಲ, ಎದೆ ಏಳುವಷ್ಟು ಮಾತ್ರ. ಗಾಬರಿಯಲ್ಲಿ ಎಲ್ಲರೂ ಜಾಸ್ತಿ ಜೋರಾಗಿ, ಜಾಸ್ತಿ ಬೇಗ ಒತ್ತುತ್ತಾರೆ. ಅದು ಬೇಡ.

ಕೈಯಲ್ಲಿ ಉಸಿರು ಕೊಡುವುದು ಏನೋ ಅರ್ಧಂಬರ್ಧ ಉಪಾಯ ಅಂತ ಅಂದುಕೊಳ್ಳಬೇಡಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿದಾಗ ಸಾಕಷ್ಟು ಮೆಷಿನ್ ಇರಲಿಲ್ಲ. ಬ್ಯೋರ್ನ್ ಇಬ್ಸೆನ್ ಅನ್ನುವ ಡಾಕ್ಟರ್ ಸಲಹೆಯ ಮೇಲೆ ವೈದ್ಯ ವಿದ್ಯಾರ್ಥಿಗಳು ಪಾಳಿ ಪ್ರಕಾರ ರೋಗಿಗಳ ಪಕ್ಕ ಕೂತು, ಗಂಟಲಿನ ಟ್ಯೂಬಿಗೆ ಬ್ಯಾಗ್ ಹಾಕಿ, ವಾರಗಟ್ಟಲೆ ಕೈಯಲ್ಲೇ ಉಸಿರು ಕೊಟ್ಟರು. ಎಷ್ಟೋ ಜನ ಉಳಿದುಕೊಂಡರು. ನಿಮ್ಮ ಮನೆಯಲ್ಲಿ ಇರುವವರೆಲ್ಲ, ಅಮ್ಮನೂ ಸೇರಿ, ಬ್ಯಾಗ್ ಒತ್ತಲು ಕಲಿತಿರಬೇಕು. ಅದು ತಲೆದಿಂಬಿನ ಪಕ್ಕದ ಮೊಳೆಯಲ್ಲಿ ತೂಗಾಡುತ್ತಿರಬೇಕು, ಬೀರುವಿನ ಒಳಗೆ ಅಲ್ಲ.

ಬ್ಯಾಗ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒತ್ತಿದಾಗ ಸಲೀಸಾಗಿ ಗಾಳಿ ಹೋಗಿ ಎದೆ ಎದ್ದರೆ ತೊಂದರೆ ಮೆಷಿನ್‌ನಲ್ಲೋ ಟ್ಯೂಬಿನಲ್ಲೋ ಇದೆ, ನಿಮಗೆ ಹುಡುಕಲು ಸಮಯ ಇದೆ. ಒತ್ತಲು ಬಿಗಿಯಾಗಿದ್ದರೆ ತೊಂದರೆ ಟ್ರೇಕಿಯಲ್ಲೋ ಎದೆಯಲ್ಲೋ ಇದೆ, ಆಗ ಮೆಷಿನ್ ತಿರುವಿ ನೋಡುತ್ತಾ ಕೂರಬೇಡಿ. ತಕ್ಷಣ ಸಕ್ಷನ್ ಮಾಡಿ, ಅಂದರೆ ಸಣ್ಣ ಪೈಪ್ ಇಳಿಸಿ ಕಫ ಎಳೆದು ತೆಗೆಯಿರಿ, ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಜಾಸ್ತಿ ಬೇಡ. ಸಕ್ಷನ್ ಪೈಪ್ ಒಳಗೆ ಹೋಗುತ್ತಲೇ ಇಲ್ಲ ಅಂದರೆ ಟ್ರೇಕಿಯ ಒಳ ಟ್ಯೂಬ್ ತೆಗೆದು ಸ್ವಚ್ಛವಾದದ್ದು ಹಾಕಿ, ಗಟ್ಟಿ ಕಫ ಅಲ್ಲಿ ಬಿರಡೆ ತರಹ ಕೂತಿರುತ್ತದೆ. ಅದಕ್ಕೂ ಸರಿ ಹೋಗದಿದ್ದರೆ ಡಿಸ್ಚಾರ್ಜ್ ದಿನ ಕಲಿಸಿದ ಹಾಗೆ ಟ್ರೇಕಿಯನ್ನೇ ಬದಲಿಸಬೇಕಾಗುತ್ತದೆ, ಹಾಗೆಯೇ ಮನೆಯಲ್ಲಿ ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿರಬೇಕು. ಅದೇ ಅಳತೆಯದ್ದು ಒಂದು, ಒಂದು ಅಳತೆ ಚಿಕ್ಕದು ಒಂದು, ಎರಡು ಟ್ರೇಕಿ ಟ್ಯೂಬ್ ಮನೆಯಲ್ಲಿ ಇರಲಿ. ಬದಲಿಸುವುದನ್ನು ನಿಮಗೆ ಕಲಿಸಿಲ್ಲ ಅಂದರೆ ನಾಳೆಯೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಅದು ಅವರು ಕಲಿಸಲೇಬೇಕಾದ ವಿಷಯ.

ಈಗ ನಿಮ್ಮ ರಾತ್ರಿ ಎರಡು ಗಂಟೆಯ ವಿಷಯಕ್ಕೆ ಬರುತ್ತೇನೆ.

ನನಗೆ ಮೊದಲ ಅನುಮಾನ ಟ್ಯೂಬಿನಲ್ಲಿ ನಿಲ್ಲುವ ನೀರಿನ ಮೇಲೆ. ಹ್ಯೂಮಿಡಿಫೈಯರ್ ಗಾಳಿಯನ್ನು ಬಿಸಿ ಮಾಡಿ ತೇವ ತುಂಬಿ ಕಳಿಸುತ್ತದೆ. ಮಲೆನಾಡಿನ ಡಿಸೆಂಬರ್ ರಾತ್ರಿ, ಹೆಂಚಿನ ಮನೆ, ಎರಡು ಗಂಟೆಗೆ ಕೋಣೆ ಎಷ್ಟು ತಣ್ಣಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಸಿ ಗಾಳಿ ತಣ್ಣನೆ ಟ್ಯೂಬಿಗೆ ತಾಗಿ ಹನಿ ಹನಿಯಾಗಿ ಇಳಿಯುತ್ತದೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವ ಹಾಗೆ. ಆ ನೀರು ಟ್ಯೂಬ್ ಜೋತು ಬಿದ್ದ ಕಡೆ ನಿಲ್ಲುತ್ತದೆ. ಗಾಳಿ ಅದನ್ನು ತಳ್ಳಿಕೊಂಡು ಹೋಗಬೇಕು, ಅದಕ್ಕೇ ಹೈ ಪ್ರೆಶರ್. ಕಿವಿ ಕೊಟ್ಟು ಕೇಳಿ, ಗುಳುಗುಳು ಸದ್ದು ಬರುತ್ತದೆ. ನೀರು ಆಚೆ ಈಚೆ ಅಲುಗಾಡಿದಾಗ ರೋಗಿಯೇ ಉಸಿರು ಎಳೆದರು ಅಂತ ಮೆಷಿನ್ ತಪ್ಪು ತಿಳಿಯುವುದೂ ಉಂಟು, ಆಗ ಸ್ಕ್ರೀನಿನಲ್ಲಿ ಉಸಿರಿನ ಲೆಕ್ಕ ಇದ್ದಕ್ಕಿದ್ದಂತೆ ಏರುತ್ತದೆ. ಟ್ಯೂಬಿನ ಪಕ್ಕ ತೆಳುವಾದ ಪ್ರೆಶರ್ ಪೈಪ್ ಇದ್ದರೆ ಅದರಲ್ಲೂ ಒಂದು ಹನಿ ಸಾಕು, ಎಲ್ಲ ಲೆಕ್ಕ ತಪ್ಪುತ್ತದೆ.

ಹಾಗಾದರೆ ಲೋ ಪ್ರೆಶರ್ ಯಾಕೆ? ನಿಮ್ಮ ಟ್ಯೂಬಿನ ಮಧ್ಯೆ ನೀರು ಸಂಗ್ರಹವಾಗುವ ಚಿಕ್ಕ ಡಬ್ಬಿ ಇದೆಯಲ್ವಾ, ವಾಟರ್ ಟ್ರ್ಯಾಪ್ ಅನ್ನುತ್ತಾರೆ. ಅದನ್ನು ನಿದ್ದೆಗಣ್ಣಿನಲ್ಲಿ ಖಾಲಿ ಮಾಡಿ ತಿರುಗಿಸುವಾಗ ಮುಚ್ಚಳ ಅಡ್ಡಡ್ಡ ಕೂರುತ್ತದೆ. ನೋಡಲು ಮುಚ್ಚಿದ ಹಾಗೇ ಇರುತ್ತದೆ, ಗಾಳಿ ಅಲ್ಲಿಂದ ಸೋರುತ್ತಿರುತ್ತದೆ. ನಾನು ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ಮೊದಲು ನೀರಿನಿಂದ ಹೈ ಪ್ರೆಶರ್, ಖಾಲಿ ಮಾಡಿದ ಮೇಲೆ ಸೋರಿಕೆಯಿಂದ ಲೋ ಪ್ರೆಶರ್. ನೀವು ಬರೆದ ಕ್ರಮವೂ ಇದೇ ಅಲ್ವಾ?

ಇವತ್ತು ರಾತ್ರಿ ಹೀಗೆ ಮಾಡಿ ನೋಡಿ. ಮೆಷಿನ್ ಮತ್ತು ಹ್ಯೂಮಿಡಿಫೈಯರ್ ಎರಡೂ ತಂದೆಯ ತಲೆಗಿಂತ ಕೆಳಗಿನ ಮಟ್ಟದಲ್ಲಿ ಇರಲಿ, ಟ್ರ್ಯಾಪ್ ಎಲ್ಲಕ್ಕಿಂತ ಕೆಳಗೆ. ಟ್ಯೂಬನ್ನು ಹಳೆಯ ಕಾಟನ್ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ, ಆದರೆ ಗಾಳಿ ಹೊರಗೆ ಬಿಡುವ ಭಾಗವನ್ನು ಮುಚ್ಚಬೇಡಿ. ಮಲಗುವ ಮುಂಚೆ ಒಮ್ಮೆ, ಆಮೇಲೆ ರಾತ್ರಿ ಒಂದೂವರೆ ಹೊತ್ತಿಗೆ ಇನ್ನೊಮ್ಮೆ ನೀರು ತೆಗೆಯಿರಿ. ಮಗ್ಗುಲು ಬದಲಿಸುವ ಮುಂಚೆಯೂ ತೆಗೆಯಿರಿ, ಯಾಕೆಂದರೆ ಟ್ಯೂಬ್ ಎತ್ತಿದ ಕ್ಷಣ ನಿಂತ ನೀರೆಲ್ಲ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ತೆಗೆದ ನೀರನ್ನು ಹ್ಯೂಮಿಡಿಫೈಯರ್‌ಗೆ ವಾಪಸ್ ಸುರಿಯಬೇಡಿ, ಅದು ಕೊಳಕು ನೀರು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಇನ್ನೊಂದು ಕೇಳಬೇಕು. ಟ್ರೇಕಿ ಹತ್ತಿರ ಬೆಂಕಿಪೊಟ್ಟಣದ ಗಾತ್ರದ ಫಿಲ್ಟರ್ ಕೂಡ ಸಿಕ್ಕಿಸಿದ್ದಾರಾ? ಕೆಲವರು ಅದನ್ನು ಕೃತಕ ಮೂಗು ಅನ್ನುತ್ತಾರೆ. ಹ್ಯೂಮಿಡಿಫೈಯರ್ ಇದ್ದರೆ ಅದು ಇರಬಾರದು. ಎರಡರಲ್ಲಿ ಒಂದೇ. ಒಟ್ಟಿಗೆ ಇದ್ದರೆ ಫಿಲ್ಟರ್ ನೀರು ಕುಡಿದು ಉಬ್ಬಿ ದಾರಿಯನ್ನೇ ಮುಚ್ಚುತ್ತದೆ. ನಮ್ಮ ಅತ್ತೆಗೆ ಹ್ಯೂಮಿಡಿಫೈಯರ್ ಇರಲಿಲ್ಲ, ಫಿಲ್ಟರ್ ಮಾತ್ರ. ಒಂದು ಸಂಜೆ ನೆಬ್ಯುಲೈಸರ್ ಹಾಕುವಾಗ ಫಿಲ್ಟರ್ ತೆಗೆಯಲು ಮರೆತಿದ್ದೆವು. ಔಷಧಿಯ ಮಂಜೆಲ್ಲ ಅದರಲ್ಲೇ ಹೀರಿಕೊಂಡಿತ್ತು. ಅರ್ಧ ಗಂಟೆಯಲ್ಲಿ ಹೈ ಪ್ರೆಶರ್, ಅತ್ತೆಯ ಹಣೆಯ ತುಂಬ ಬೆವರು, ಕಣ್ಣು ನನ್ನನ್ನೇ ನೋಡುತ್ತಿದ್ದವು. ಸಕ್ಷನ್ ಮಾಡಿದರೆ ಕಫವೇ ಇಲ್ಲ. ಬ್ಯಾಗ್ ಹಾಕಿದ ತಕ್ಷಣ ಸಲೀಸಾಗಿ ಉಸಿರು ಹೋಯಿತು, ಆಗ ಗೊತ್ತಾಯಿತು ತೊಂದರೆ ಟ್ಯೂಬಿನ ಕಡೆ ಇದೆ ಅಂತ. ಫಿಲ್ಟರ್ ಬದಲಿಸಿದೆವು, ಎರಡೇ ನಿಮಿಷದಲ್ಲಿ ಅವರ ಮುಖ ಸಡಿಲಾಯಿತು. ಆ ಕಣ್ಣುಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀರು, ಮುಚ್ಚಳ ಎರಡೂ ಸರಿ ಇದ್ದರೂ ಲೋ ಪ್ರೆಶರ್ ಬರುತ್ತಿದ್ದರೆ ಮೆಷಿನ್‌ನಿಂದ ಗಂಟಲಿನವರೆಗೆ ಟ್ಯೂಬಿನ ಮೇಲೆ ಕೈಯಾಡಿಸುತ್ತಾ ಬನ್ನಿ, ಪ್ರತಿ ಜೋಡಣೆಯನ್ನೂ ಒತ್ತಿ ತಿರುಗಿಸಿ. ಕೊನೆಗೆ ಟ್ರೇಕಿಯ ಕಫ್. ಇದು ಕಫ ಅಲ್ಲ, ಗಂಟಲೊಳಗೆ ಟ್ಯೂಬಿನ ಸುತ್ತ ಇರುವ ಗಾಳಿ ಬಲೂನು. ಫೋನಿನಲ್ಲಿ ಹೇಳುವಾಗ ಎಷ್ಟೋ ಮನೆಯವರು ಇವೆರಡನ್ನೂ ಒಂದೇ ಅಂದುಕೊಂಡು ಬಲೂನಿನ ಗಾಳಿ ನೋಡುವ ಬದಲು ಸಕ್ಷನ್ ಮಾಡಿದ್ದಾರೆ. ಬಲೂನಿನ ಗಾಳಿ ಕಡಿಮೆಯಾದರೆ ಬಾಯಿಯಿಂದ ಗುರುಗುರು ಸದ್ದು ಬರುತ್ತದೆ, ಮಾತು ಬಾರದವರ ಗಂಟಲಿನಿಂದ ಇದ್ದಕ್ಕಿದ್ದಂತೆ ಸ್ವರ ಕೇಳುತ್ತದೆ. ಅಳೆಯುವ ಮೀಟರ್ ಸಿಗುತ್ತದೆ, 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ಇರಬೇಕು. ಸುಮ್ನೆ ಸಿರಿಂಜಿನಲ್ಲಿ ಕಲ್ಲಾಗುವಷ್ಟು ಗಾಳಿ ತುಂಬಬೇಡಿ, ಶ್ವಾಸನಾಳದ ಒಳಗೋಡೆಗೆ ಗಾಯ ಆಗುತ್ತದೆ.

ನನ್ನನ್ನು ಕೇಳಿದರೆ ಎರಡರಲ್ಲಿ ಲೋ ಪ್ರೆಶರ್ ಅಲಾರಾಮಿಗೇ ಜಾಸ್ತಿ ಹೆದರಬೇಕು. ನಿಮ್ಮ ತಂದೆಯವರಿಗೆ ಕೂಗಲು ಆಗುವುದಿಲ್ಲ, ಕೈ ಎತ್ತಲು ಆಗುವುದಿಲ್ಲ. ಟ್ಯೂಬ್ ಕಳಚಿಕೊಂಡರೆ ಹೇಳುವುದು ಮೆಷಿನ್ ಒಂದೇ. ಅದೂ ಕೆಲವು ಸಲ ಹೇಳುವುದಿಲ್ಲ. ಕಳಚಿದ ಟ್ಯೂಬಿನ ಬಾಯಿ ಕಂಬಳಿಗೋ ದಿಂಬಿಗೋ ಒತ್ತಿಕೊಂಡು ಬಿದ್ದಿದ್ದರೆ ಒಳಗೆ ಪ್ರೆಶರ್ ನಿಲ್ಲುತ್ತದೆ, ಮೆಷಿನ್ ಎಲ್ಲ ಸರಿ ಇದೆ ಅಂದುಕೊಳ್ಳುತ್ತದೆ. ಹಾಗಾಗಿ ಅಲಾರಾಂ ಇರುವ, ರಾತ್ರಿಯಿಡೀ ಬೆರಳಿಗೆ ಹಾಕಿಡುವ ಆಕ್ಸಿಮೀಟರ್ ಬೇರೆಯೇ ಇರಬೇಕು. ದುಡ್ಡು ಖರ್ಚು ಮಾಡುವುದಾದರೆ ಮೊದಲು ಇದಕ್ಕೆ ಮಾಡಿ.

ಒಂದು ಎಚ್ಚರಿಕೆ, ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಮೆಷಿನ್‌ನಿಂದ ಗಂಟಲಿಗೆ ಒಂದೇ ಟ್ಯೂಬ್ ಇರುವ ಸರ್ಕ್ಯೂಟ್ ಆಗಿದ್ದರೆ ಟ್ರೇಕಿ ಹತ್ತಿರ ಸಣ್ಣ ತೂತುಗಳು ಇರಬಹುದು, ಅಲ್ಲಿಂದ ಯಾವಾಗಲೂ ಗಾಳಿ ಸುಯ್ ಅಂತ ಬರುತ್ತಿರುತ್ತದೆ. ಅದು ಸೋರಿಕೆ ಅಲ್ಲ. ಬಿಟ್ಟ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಹೊರಗೆ ಹೋಗುವುದೇ ಅಲ್ಲಿಂದ. ಒಂದು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗ ಸೋರಿಕೆ ಅಂದುಕೊಂಡು ಅದರ ಮೇಲೆ ಪ್ಲಾಸ್ಟರ್ ಅಂಟಿಸಿದ್ದ. ಅಲಾರಾಂ ನಿಂತಿತ್ತು, ಅವನಿಗೆ ಸಮಾಧಾನ ಆಗಿತ್ತು. ನಾನು ಹೋದಾಗ ಆ ಅಜ್ಜಿ ಮಂಪರಿನಲ್ಲಿದ್ದರು, ಎಬ್ಬಿಸಿದರೂ ಏಳುತ್ತಿರಲಿಲ್ಲ. ಪ್ಲಾಸ್ಟರ್ ಕಿತ್ತು ಬ್ಯಾಗಿನಲ್ಲಿ ಉಸಿರು ಕೊಟ್ಟೆವು, ಬದುಕಿಕೊಂಡರು. ಅಲಾರಾಂ ಮಿತಿಗಳನ್ನೂ ಹಾಗೆಯೇ ನೀವಾಗಿ ಬದಲಿಸಬೇಡಿ. ಹೈ ಪ್ರೆಶರ್ ಮಿತಿ 40 ಇದ್ದದ್ದನ್ನು 60 ಮಾಡಿದರೆ ಸದ್ದು ನಿಲ್ಲುತ್ತದೆ, ಟ್ಯೂಬಿನ ನೀರೋ ಕಫವೋ ಅಲ್ಲೇ ಇರುತ್ತದೆ.

ನಿಮ್ಮ ಕಡೆ ಇದು ಅಡಿಕೆ ಬೇಯಿಸುವ ಕಾಲ, ಅಂಗಳದಲ್ಲಿ ಒಲೆಯ ಹೊಗೆ ಇರುತ್ತದೆ. ಮೆಷಿನ್ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಆದ್ದರಿಂದ ಹಿಂದಿನ ಏರ್ ಫಿಲ್ಟರ್ ಬೇಗ ಕಪ್ಪಾಗುತ್ತದೆ. ವಾರಕ್ಕೊಮ್ಮೆ ತೆಗೆದು ನೋಡಿ. ಸ್ಪಂಜಿನದ್ದನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬಹುದು, ತೆಳ್ಳಗಿನ ಬಿಳಿ ಫಿಲ್ಟರ್ ಇದ್ದರೆ ತೊಳೆಯುವಂತಿಲ್ಲ, ಹೊಸದೇ ಹಾಕಬೇಕು. ಆ ಕೋಣೆಯಲ್ಲಿ ಊದುಬತ್ತಿ ಹಚ್ಚಬೇಡಿ.

ಕರೆಂಟ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಳಗಿನ ಬ್ಯಾಟರಿ ಎಷ್ಟು ಗಂಟೆ ಅಂತ ಪುಸ್ತಕದಲ್ಲಿ ಬರೆದಿರುವುದು ಹೊಸ ಬ್ಯಾಟರಿಗೆ. ಬಾಡಿಗೆ ಮೆಷಿನ್ ಬ್ಯಾಟರಿ ಎಷ್ಟು ಹಳೆಯದೋ. ಒಂದು ಹಗಲು, ಮನೆಯಲ್ಲಿ ಇಬ್ಬರು ಇದ್ದು, ಬ್ಯಾಗ್ ಕೈಯಲ್ಲಿ ಇಟ್ಟುಕೊಂಡು, ಪ್ಲಗ್ ತೆಗೆದು ಅರ್ಧ ಗಂಟೆಯಲ್ಲಿ ಎಷ್ಟು ಇಳಿಯುತ್ತದೆ ನೋಡಿ. ಬೇಗ ಇಳಿದರೆ ಬ್ಯಾಟರಿ ಬದಲಿಸಿಕೊಡಲು ಹಟ ಹಿಡಿಯಿರಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಹಾಗೆಯೇ ಸಮವಾಗಿ ಕೊಡುವ ಬಗೆ) ಆಗಿರಲಿ. ಕರೆಂಟ್ ಹೋದರೆ 1912ಕ್ಕೆ ಹೇಳಿ, ಅದಕ್ಕಿಂತ ಮುಂಚೆ ನಿಮ್ಮ ಲೈನ್‌ಮನ್‌ಗೆ ಮನೆಯಲ್ಲಿ ವೆಂಟಿಲೇಟರ್ ಇದೆ ಅಂತ ತಿಳಿಸಿಟ್ಟಿರಿ, ಅವರು ನಿಜವಾಗಿ ನೆನಪಿಟ್ಟುಕೊಳ್ಳುತ್ತಾರೆ. ಕಾನ್ಸಂಟ್ರೇಟರ್‌ನಿಂದ (ಕೋಣೆಯ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಮೆಷಿನ್) ಆಕ್ಸಿಜನ್ ಕೊಡುತ್ತಿದ್ದರೆ ಅದೂ ಕರೆಂಟ್ ಜೊತೆಗೇ ನಿಲ್ಲುತ್ತದೆ. ತುಂಬಿದ ಒಂದು ಬಿ ಟೈಪ್ ಸಿಲಿಂಡರ್ ಇರಲಿ, ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರ್ ಲೆಕ್ಕದಲ್ಲಿ ಹನ್ನೆರಡು ಗಂಟೆ ಬರುತ್ತದೆ.

ಮೆನುವಿನಲ್ಲಿ ಅಲಾರಾಂ ಲಾಗ್ ಅಂತ ಇರುತ್ತದೆ, ಯಾವ ಅಲಾರಾಂ ಯಾವ ಹೊತ್ತಿಗೆ ಬಂತು ಅಂತ ಅದರಲ್ಲಿ ಸಿಗುತ್ತದೆ. ಇವತ್ತು ಮತ್ತು ನಾಳೆ ರಾತ್ರಿಯದ್ದನ್ನು ಬರೆದಿಡಿ, ಪಕ್ಕದಲ್ಲಿ ನೀವು ನೀರು ತೆಗೆದ ಹೊತ್ತು, ಮಗ್ಗುಲು ಬದಲಿಸಿದ ಹೊತ್ತು, ಸಕ್ಷನ್ ಮಾಡಿದ ಹೊತ್ತು. ನೀರು ತೆಗೆದರೂ ಹೈ ಪ್ರೆಶರ್ ನಿಲ್ಲದಿದ್ದರೆ, ಕಫ ಹಳದಿ ಹಸಿರು ಆಗಿದ್ದರೆ, ಜ್ವರ ಬಂದರೆ, ಇಲ್ಲಿ ಉತ್ತರಕ್ಕೆ ಕಾಯಬೇಡಿ, ಆ ಪಟ್ಟಿ ಹಿಡಿದು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಇಲ್ಲದಿದ್ದರೆ ಪಟ್ಟಿಯನ್ನು ಇಲ್ಲೇ ಕೆಳಗೆ ಹಾಕಿ. ನಾನು ಬೆಳಿಗ್ಗೆ ಆರು ಗಂಟೆಗೆ ನೋಡುತ್ತೇನೆ.